ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಕ್ಲಬ್ ಎಲ್ಲಿರಬೇಕು: ಪರೀಕ್ಷಿಸುವ ಬಗೆ, ತಿದ್ದುವ ಬಗೆ

ಗಾಲ್ಫ್‌ನ ಒಂದು ಪೂರ್ಣ ಸ್ವಿಂಗ್ (ಬೀಸು), ಚೆಂಡು ಹೊಡೆಯುವ ಕೋಲಾದ ಕ್ಲಬ್ ಅಲುಗಿದ ಕ್ಷಣದಿಂದ ಚೆಂಡಿಗೆ ತಗಲುವ ಕ್ಷಣದವರೆಗೆ, ಸುಮಾರು ಒಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಸಮಯ ಕ್ಲಬ್ ಹಿಂದಕ್ಕೆ ಏರುವುದಕ್ಕೆ, ಅಂದರೆ ಬ್ಯಾಕ್‌ಸ್ವಿಂಗ್‌ಗೆ ಹೋಗುತ್ತದೆ. ಉಳಿದ ಕಾಲು ಪಾಲಿನಲ್ಲಿ ಅದು ಕೆಳಗಿಳಿದು ಚೆಂಡನ್ನು ಹೊಡೆದು ಆಗಿರುತ್ತದೆ. ಇಷ್ಟು ಬೇಗ ನಡೆಯುವ ಕೆಲಸವನ್ನು, ಅದರಲ್ಲೂ ತನ್ನ ತಲೆಯ ಹಿಂದೆ ನಡೆಯುವ ಕೆಲಸವನ್ನು, ಆಡುವವನು ತಾನೇ ನೋಡಿಕೊಳ್ಳುವುದು ಅಸಾಧ್ಯವಾಗಿತ್ತು. ಈಗ ಜೇಬಿನಲ್ಲಿರುವ ಫೋನು ನಿಧಾನಗತಿಯ ವಿಡಿಯೊ ತೆಗೆಯುವುದರಿಂದ ಆ ಅಡ್ಡಿ ಇಲ್ಲವಾಗಿದೆ. ಹೊಸ ತೊಡಕು ಬೇರೆಯದು: ವಿಡಿಯೊವನ್ನು ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ನಿಲ್ಲಿಸಿ ನೋಡಿದಾಗ ಕಾಣುವ ಚಿತ್ರದಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕಾಗಿಲ್ಲ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ಈ ಲೇಖನ ಅದಕ್ಕಾಗಿ. ಇಲ್ಲಿ ಹೇಳಿರುವ ಎಡ, ಬಲಗಳೆಲ್ಲ ಬಲಗೈ ಆಟಗಾರರಿಗೆ ಹೊಂದುತ್ತವೆ. ಎಡಗೈ ಆಟಗಾರರು ಅವನ್ನು ತಿರುಗಿಸಿ ಓದಿಕೊಳ್ಳಬೇಕು.

ಹಿಂದಕ್ಕೆ ಬೀಸುವುದೇಕೆ

ಚೆಂಡು ಮುಂದೆ ಹೋಗಬೇಕಾದರೆ ಕ್ಲಬ್ ಹಿಂದೆ ಹೋಗುವುದೇಕೆ ಎಂಬ ಪ್ರಶ್ನೆ ಸುಲಭದ್ದೆನಿಸಿದರೂ ಅದಕ್ಕೆ ಎರಡು ಉತ್ತರಗಳಿವೆ, ಮತ್ತು ಬಹಳ ಜನ ಮೊದಲನೆಯದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಮೊದಲನೆಯದು ವೇಗ. ಬಿಲ್ಲಿನ ಹೆದೆಯನ್ನು ಎಳೆದಷ್ಟೂ ಬಾಣಕ್ಕೆ ಬಲ ಬರುವಂತೆ, ಕ್ಲಬ್‌ನ ತಲೆಗೆ ವೇಗ ಕೂಡಿಕೊಳ್ಳಲು ಒಂದಷ್ಟು ದಾರಿ ಬೇಕು, ದೇಹದ ಸ್ನಾಯುಗಳು ಹಿಗ್ಗಿ ಬಿಗಿಯಾಗಬೇಕು. ಎರಡನೆಯದು ದಿಕ್ಕು. ಕ್ಲಬ್ ಮೇಲಿನಿಂದ ಯಾವ ಜಾಗದಿಂದ ಹೊರಡುತ್ತದೆ, ಆಗ ಅದರ ಮುಖ ಎತ್ತ ನೋಡುತ್ತಿರುತ್ತದೆ ಎಂಬುದು ಕೆಳಗಿಳಿಯುವ ದಾರಿಯನ್ನು ಬಹುಮಟ್ಟಿಗೆ ಗೊತ್ತುಮಾಡುತ್ತದೆ. ಕೆಳಗಿಳಿಯುವ ಈ ಬೀಸಿಗೆ, ಅಂದರೆ ಡೌನ್‌ಸ್ವಿಂಗ್‌ಗೆ, ಸಿಗುವುದು ಸುಮಾರು ಕಾಲು ಸೆಕೆಂಡು; ಅಷ್ಟರಲ್ಲಿ ಬುದ್ಧಿ ಎಚ್ಚೆತ್ತು, ತಪ್ಪನ್ನು ಗುರುತಿಸಿ, ಕೈಗೆ ಆದೇಶ ಕಳುಹಿಸಿ ತಿದ್ದುವುದಕ್ಕೆ ಸಮಯವೇ ಇಲ್ಲ. ಮೇಲೆ ತಪ್ಪಾದದ್ದನ್ನು ಕೆಳಗೆ ಸರಿಮಾಡುವವರು ಅದನ್ನು ವರ್ಷಗಟ್ಟಲೆಯ ರೂಢಿಯಿಂದ, ತಮಗೆ ಅರಿವಿಲ್ಲದೆಯೇ ಮಾಡುತ್ತಾರೆ; ಆ ಹೊಂದಾಣಿಕೆ ಒಂದು ದಿನ ಕೂಡಿಬರುತ್ತದೆ, ಮತ್ತೊಂದು ದಿನ ಕೈಕೊಡುತ್ತದೆ.

ದಿಕ್ಕಿನ ತಪ್ಪಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ನೋಡಬಹುದು. ಚೆಂಡು 200 ಗಜ ದೂರದ ಗುರಿಗೆ 1 ಡಿಗ್ರಿ ಓರೆಯಾಗಿ ಹೊರಟು ನೇರವಾಗಿಯೇ ಹಾರಿದರೂ ಸುಮಾರು ಮೂರೂವರೆ ಗಜ ಪಕ್ಕಕ್ಕೆ ಬೀಳುತ್ತದೆ. 5 ಡಿಗ್ರಿ ಓರೆಯಾದರೆ ಹದಿನೇಳು ಗಜಕ್ಕೂ ಹೆಚ್ಚು. ಇದರ ಮೇಲೆ ಗಾಳಿಯಲ್ಲಿ ಚೆಂಡು ಬಾಗುವ ಬಾಗು ಬೇರೆ ಸೇರಿಕೊಳ್ಳುತ್ತದೆ.

ಮುಂದಿನ ಮಾತಿಗೆ ಬೇಕಾದ ಕೆಲವು ಪದಗಳು

ಗುರಿ ಮತ್ತು ಚೆಂಡನ್ನು ಸೇರಿಸಿ ನೆಲದ ಮೇಲೆ ಎಳೆದಿದ್ದೇವೆಂದು ಊಹಿಸಿಕೊಳ್ಳುವ ಗೆರೆಗೆ ಗುರಿರೇಖೆ ಎನ್ನೋಣ. ಕ್ಲಬ್‌ನ ಉದ್ದನೆಯ ಕೋಲು ಶಾಫ್ಟ್. ಚೆಂಡಿಗೆ ತಗಲುವ ಚಪ್ಪಟೆ ಭಾಗ ಕ್ಲಬ್‌ಫೇಸ್, ಅಂದರೆ ಮುಖ. ಆ ಮುಖದಲ್ಲಿ ಶಾಫ್ಟ್‌ನಿಂದ ದೂರವಿರುವ ತುದಿ ಟೋ. ಕ್ಲಬ್ ಚೆಂಡಿನ ಹಿಂದಿನಿಂದ ಸರಿಯುವ ಮೊದಲ ಎರಡು ಮೂರು ಅಡಿಗಳ ಚಲನೆ ಟೇಕ್‌ಅವೇ. ಬ್ಯಾಕ್‌ಸ್ವಿಂಗ್ ಮುಗಿದು ದಿಕ್ಕು ಬದಲಾಗುವ ಜಾಗ ಟಾಪ್ ಅಥವಾ ತುದಿ.

ಇವುಗಳಲ್ಲಿ ತುಸು ಕಷ್ಟದ್ದು ಸ್ವಿಂಗ್ ಪ್ಲೇನ್. ಗೋಡೆಗೆ ಒರಗಿಸಿಟ್ಟ ಹಲಗೆಯನ್ನು ನೆನೆಸಿಕೊಳ್ಳಿ. ಕ್ಲಬ್ ಬಂಡಿಯ ಗಾಲಿಯಂತೆ ನೆಟ್ಟಗೂ ಸುತ್ತುವುದಿಲ್ಲ, ಬೀಸುವ ಕಲ್ಲಿನಂತೆ ಅಡ್ಡಡ್ಡಲಾಗಿಯೂ ಸುತ್ತುವುದಿಲ್ಲ. ಚೆಂಡು ನೆಲದ ಮೇಲಿದೆ, ಆಡುವವನು ಅದರ ಪಕ್ಕದಲ್ಲಿ ನಿಂತಿದ್ದಾನೆ, ಆದ್ದರಿಂದ ಕ್ಲಬ್‌ನ ಸುತ್ತು ಒರಗಿಸಿಟ್ಟ ಹಲಗೆಯಷ್ಟು ಓರೆಯಾಗಿರುತ್ತದೆ. ಅಮೆರಿಕದ ಆಟಗಾರ ಬೆನ್ ಹೋಗನ್ 1957ರಲ್ಲಿ ಇದನ್ನು ಗಾಜಿನ ಹಾಳೆಯ ಹೋಲಿಕೆಯಿಂದ ವಿವರಿಸಿದರು: ಚೆಂಡಿನಿಂದ ಹೊರಟು ಆಟಗಾರನ ಭುಜಗಳ ಮೇಲೆ ಒರಗಿರುವ ದೊಡ್ಡ ಗಾಜು, ಅದರ ನಡುವಿನ ತೂತಿನಿಂದ ಹೊರಬಂದಿರುವ ಅವನ ತಲೆ, ಏರುವಾಗ ಕೈಗಳು ಆ ಗಾಜನ್ನು ಒಡೆಯಬಾರದು. ಆ ಗಾಜಿನ ಓರೆ ಎಲ್ಲರಿಗೂ ಒಂದೇ ಅಲ್ಲ. ಎತ್ತರದವರಿಗೆ ಅದು ಹೆಚ್ಚು ನೆಟ್ಟಗಿರುತ್ತದೆ. ಒಬ್ಬನೇ ಆಟಗಾರನಲ್ಲೂ ಕ್ಲಬ್ ಬದಲಾದಂತೆ ಓರೆ ಬದಲಾಗುತ್ತದೆ: ದೂರದ ಹೊಡೆತಕ್ಕೆ ಬಳಸುವ, ಸುಮಾರು 45 ಅಂಗುಲದ ಡ್ರೈವರ್ ಹಿಡಿದಾಗ ಚೆಂಡಿನಿಂದ ದೂರ ನಿಲ್ಲಬೇಕು, ಸುತ್ತು ಚಪ್ಪಟೆಯಾಗುತ್ತದೆ, ಹತ್ತಿರದ ಹೊಡೆತಕ್ಕೆ ಬಳಸುವ, ಸುಮಾರು 35 ಅಂಗುಲದ ವೆಜ್ ಹಿಡಿದಾಗ ಹತ್ತಿರ ಬಾಗಿ ನಿಲ್ಲುತ್ತೇವೆ, ಸುತ್ತು ನೆಟ್ಟಗಾಗುತ್ತದೆ. ಹೀಗಿರುವಾಗ ತನ್ನ ಡ್ರೈವರ್‌ನ ಚಿತ್ರವನ್ನು ಬೇರೆಯವರ ವೆಜ್‌ನ ಚಿತ್ರದೊಂದಿಗೆ ಹೋಲಿಸಿ ಚಿಂತೆ ಮಾಡುವುದರಲ್ಲಿ ಅರ್ಥವಿಲ್ಲ.

ಕ್ಯಾಮೆರಾ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ

ಬ್ಯಾಕ್‌ಸ್ವಿಂಗ್ ತಪ್ಪಾಗಿದೆ ಎಂದು ಕೊರಗುವವರಲ್ಲಿ ಹಲವರ ತಪ್ಪು ಇರುವುದು ಸ್ವಿಂಗ್‌ನಲ್ಲಲ್ಲ, ಫೋನ್ ಇಟ್ಟ ಜಾಗದಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಎರಡು ಕಡೆಯಿಂದ ಚಿತ್ರ ಬೇಕು. ಒಂದು, ಆಟಗಾರನ ಬಲಬದಿಯಿಂದ, ಗುರಿಯ ಕಡೆಗೆ ನೋಡುತ್ತ ತೆಗೆದದ್ದು. ಕ್ಲಬ್‌ನ ದಾರಿ, ಶಾಫ್ಟ್‌ನ ದಿಕ್ಕು, ಮುಖದ ಕೋನ ಇವೆಲ್ಲ ಇದರಲ್ಲಿ ಕಾಣುತ್ತವೆ. ಇನ್ನೊಂದು, ಆಟಗಾರನ ಎದುರು ನಿಂತು ತೆಗೆದದ್ದು. ಸೊಂಟ ಪಕ್ಕಕ್ಕೆ ಜಾರಿತೇ, ಭಾರ ಎಲ್ಲಿದೆ, ಕೈಗಳು ಎಷ್ಟು ಎತ್ತರ ಹೋದವು ಎಂಬುದು ಇದರಲ್ಲಿ ತಿಳಿಯುತ್ತದೆ.

ಬದಿಯಿಂದ ತೆಗೆಯುವಾಗ ಫೋನು ಚೆಂಡಿನ ನೇರಕ್ಕೂ ಇರಬಾರದು, ಬೆನ್ನಿನ ನೇರಕ್ಕೂ ಇರಬಾರದು; ಚೆಂಡಿನ ಮುಂದೆ ನಿಂತಾಗ ಕೈಗಳು ಎಲ್ಲಿರುತ್ತವೆಯೋ ಅದರ ನೇರಕ್ಕೆ, ಕೈಗಳಷ್ಟೇ ಎತ್ತರದಲ್ಲಿ, ಗುರಿರೇಖೆಗೆ ಸಮಾನಾಂತರವಾಗಿ ನೋಡುವಂತಿರಬೇಕು. ಫೋನು ಬೆನ್ನಿನ ಕಡೆಗೆ ಸರಿದು ಓರೆಯಾಗಿ ನೋಡಿದರೆ, ಸರಿಯಾಗಿಯೇ ಇರುವ ಟೇಕ್‌ಅವೇ ಹೊರಕ್ಕೆ (ಮೈಯಿಂದ ದೂರಕ್ಕೆ) ಹೋದಂತೆ ಕಾಣುತ್ತದೆ, ತುದಿಯಲ್ಲಿ ಶಾಫ್ಟ್ ಗುರಿಯ ಎಡಕ್ಕೆ ತೋರಿದಂತೆ ಕಾಣುತ್ತದೆ. ಫೋನು ಚೆಂಡಿನ ಕಡೆಗೆ ಸರಿದರೆ ಇದೆಲ್ಲ ತಲೆಕೆಳಗು: ಟೇಕ್‌ಅವೇ ಒಳಕ್ಕೆ (ಮೈಯ ಕಡೆಗೆ) ಎಳೆದಂತೆ, ಶಾಫ್ಟ್ ಗುರಿಯ ಬಲಕ್ಕೆ ತೋರಿದಂತೆ. ರಸ್ತೆಯ ಮಧ್ಯದಲ್ಲಿ ನಿಂತು ನೋಡಿದವನಿಗೆ ನೆಟ್ಟಗೆ ಕಾಣುವ ಕಂಬಗಳ ಸಾಲು ಪಕ್ಕಕ್ಕೆ ಸರಿದು ನಿಂತವನಿಗೆ ಓರೆಯಾಗಿ ಕಾಣುವುದಿಲ್ಲವೇ, ಹಾಗೆಯೇ ಇದೂ. ನೆಲದ ಮೇಲೆ ಗುರಿಯ ಕಡೆಗೆ ಒಂದು ಕೋಲನ್ನು ಇಟ್ಟುಕೊಂಡರೆ ಫೋನನ್ನು ಅದಕ್ಕೆ ಸಮಾನಾಂತರವಾಗಿ ಹೊಂದಿಸುವುದು ಸುಲಭ. ಫೋನು ಮೂರು ನಾಲ್ಕು ಮೀಟರ್ ದೂರದಲ್ಲಿರಲಿ. ತೀರ ಹತ್ತಿರವಿಟ್ಟು ಅಗಲ ನೋಟದ ಲೆನ್ಸ್ ಬಳಸಿದರೆ ಚಿತ್ರದ ಅಂಚುಗಳಲ್ಲಿ ನೇರ ಗೆರೆಗಳೂ ಬಾಗುತ್ತವೆ.

ವೇಗವೂ ಮುಖ್ಯ. ಸಾಮಾನ್ಯ ವಿಡಿಯೊ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಕಾಲು ಸೆಕೆಂಡಿನ ಡೌನ್‌ಸ್ವಿಂಗ್‌ಗೆ ಆಗ ಸಿಗುವುದು ಏಳೆಂಟು ಚಿತ್ರಗಳು ಮಾತ್ರ. 240 ಚಿತ್ರಗಳ ನಿಧಾನಗತಿಯಲ್ಲಿ ಅದೇ ಕಾಲು ಸೆಕೆಂಡಿಗೆ 60 ಚಿತ್ರ ಸಿಗುತ್ತವೆ. ಇನ್ನೊಂದು ಮಾತು ಹೇಳಿಬಿಡುವುದು ಒಳ್ಳೆಯದು. ಕೆಲವು ವಿಡಿಯೊಗಳಲ್ಲಿ ಕೆಳಗಿಳಿಯುವ ಶಾಫ್ಟ್ ಬಾಳೆಹಣ್ಣಿನಂತೆ ಬಾಗಿ ಕಾಣುವುದುಂಟು. ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಮ್ಮೆಲೇ ತೆಗೆಯದೆ ಸಾಲು ಸಾಲಾಗಿ ಓದಿಕೊಳ್ಳುತ್ತದೆ, ಅಷ್ಟರಲ್ಲಿ ಕ್ಲಬ್ ಮುಂದೆ ಸರಿದಿರುತ್ತದೆ. ಆ ಬಾಗು ಬಹುಪಾಲು ಅದರದೇ ಕೈವಾಡ.

ಮೊದಲ ನಿಲ್ದಾಣ: ಶಾಫ್ಟ್ ನೆಲಕ್ಕೆ ಸಮಾನಾಂತರವಾದಾಗ

ತುದಿಯನ್ನು ನೋಡುವ ಮೊದಲು ಅಲ್ಲಿಗೆ ಹೋದ ದಾರಿಯನ್ನು ನೋಡಬೇಕು. ವಿಡಿಯೊವನ್ನು ನಿಧಾನವಾಗಿ ಸರಿಸುತ್ತ, ಕ್ಲಬ್ ಏರುವಾಗ ಶಾಫ್ಟ್ ಮೊದಲ ಬಾರಿಗೆ ನೆಲಕ್ಕೆ ಸಮಾನಾಂತರವಾಗುವ ಕ್ಷಣದಲ್ಲಿ ನಿಲ್ಲಿಸಿ. ಕೈಗಳು ಆಗ ಬಲತೊಡೆಯ ಬಳಿ ಇರುತ್ತವೆ. ಬದಿಯ ಚಿತ್ರದಲ್ಲಿ ಶಾಫ್ಟ್ ಗುರಿರೇಖೆಗೂ ಸಮಾನಾಂತರವಾಗಿದ್ದರೆ ಅದು ಕ್ಯಾಮೆರಾದ ಕಡೆಗೆ ನೇರ ಚಾಚಿಕೊಂಡಿರುತ್ತದೆ, ಕ್ಲಬ್‌ನ ತಲೆ ಕೈಗಳನ್ನು ಮರೆಮಾಡುತ್ತದೆ ಅಥವಾ ಕೈಗಳಿಗಿಂತ ತುಸುವೇ ಹೊರಗೆ ಇರುತ್ತದೆ. ತಲೆ ಕೈಗಳ ಹಿಂದಕ್ಕೆ, ಬೆನ್ನಿನ ಕಡೆಗೆ ಹೋಗಿದ್ದರೆ ಕ್ಲಬ್ ಒಳಕ್ಕೆ ಎಳೆಯಲ್ಪಟ್ಟಿದೆ ಎಂದು ಅರ್ಥ.

ಅದೇ ಚಿತ್ರದಲ್ಲಿ ಮುಖವನ್ನೂ ನೋಡಿ. ಅದರ ಕೆಳ ಅಂಚು ಮುಂದಕ್ಕೆ ಬಾಗಿರುವ ಬೆನ್ನಿಗೆ ಸುಮಾರಾಗಿ ಸಮಾನಾಂತರವಾಗಿದ್ದರೆ ಮುಖ ನೇರವಾಗಿದೆ. ಟೋ ಆಕಾಶವನ್ನೂ ದಾಟಿ ಬೆನ್ನಿನ ಕಡೆಗೆ ವಾಲಿದ್ದರೆ ಮುಖ ತೆರೆದಿದೆ (ಚೆಂಡನ್ನು ಬಲಕ್ಕೆ ಕಳುಹಿಸುವಂತೆ ತಿರುಗಿದೆ); ಮುಖ ಪೂರಾ ನೆಲವನ್ನೇ ನೋಡುತ್ತಿದ್ದರೆ ಮುಚ್ಚಿದೆ (ಎಡಕ್ಕೆ ಕಳುಹಿಸುವಂತೆ ತಿರುಗಿದೆ). ಸ್ವಿಂಗ್ ಆರಂಭವಾಗಿ ಎರಡು ಮೂರು ಅಡಿ ಆಗುವಷ್ಟರಲ್ಲಿ ಮುಖ ಇಷ್ಟು ತಿರುಗಿಬಿಡಲು ಸಾಮಾನ್ಯ ಕಾರಣ: ಭುಜಗಳು ತಿರುಗುವ ಬದಲು ಮುಂದೋಳುಗಳು ಉರುಳಿವೆ ಅಥವಾ ಮಣಿಕಟ್ಟು ಬಾಗಿದೆ.

ಬೇಕಾದರೆ ಎರಡೇ ನಿಮಿಷ ಕೊಟ್ಟು ಇದನ್ನೊಂದು ಪರೀಕ್ಷಿಸಿ ನೋಡಬಹುದು. ಚೆಂಡಿನ ಮುಂದೆ ನಿಲ್ಲುವಂತೆ ನಿಂತು ಕ್ಲಬ್‌ನ ಹಿಡಿಯ ತುದಿಯನ್ನು ಹೊಕ್ಕಳಿಗೆ ತಾಗಿಸಿ, ಕೈಗಳನ್ನು ಶಾಫ್ಟ್‌ನ ಕೆಳಗೆ ಸರಿಸಿ ಹಿಡಿದು, ಎದೆಯನ್ನಷ್ಟೇ ಬಲಕ್ಕೆ ತಿರುಗಿಸಿ. ಹಿಡಿ ಹೊಕ್ಕಳನ್ನು ಬಿಡದೆ ಕ್ಲಬ್ ಎಷ್ಟು ದೂರ ಹೋಗುತ್ತದೆಯೋ ಅಲ್ಲಿಯವರೆಗೆ ಕೈಗಳಿಗೆ ಮಾಡಲು ಹೆಚ್ಚಿನ ಕೆಲಸವೇ ಇಲ್ಲ. ಟೇಕ್‌ಅವೇಯಲ್ಲಿ ಎದೆ, ತೋಳು, ಕ್ಲಬ್ ಒಟ್ಟಿಗೆ ಹೊರಡುತ್ತವೆ ಎಂಬ ಮಾತಿನ ಅರ್ಥ ಇದರಲ್ಲಿ ಮೈಗೆ ತಿಳಿಯುತ್ತದೆ.

ಎರಡನೆಯ ನಿಲ್ದಾಣ: ಎಡಗೈ ನೆಲಕ್ಕೆ ಸಮಾನಾಂತರವಾದಾಗ

ಇಲ್ಲಿಗೆ ಬರುವಷ್ಟರಲ್ಲಿ ಮಣಿಕಟ್ಟುಗಳು ಮಡಿಚಿಕೊಂಡು, ಎಡಗೈಗೂ ಶಾಫ್ಟ್‌ಗೂ ನಡುವೆ ಸುಮಾರು ಲಂಬಕೋನ ಉಂಟಾಗಿರುತ್ತದೆ. ನೋಡಬೇಕಾದ್ದು ಹಿಡಿಯ ತುದಿ ಎತ್ತ ತೋರಿಸುತ್ತಿದೆ ಎಂಬುದನ್ನು. ಅದರಿಂದ ನೆಲಕ್ಕೆ ಒಂದು ಗೆರೆ ಎಳೆದರೆ ಅದು ಗುರಿರೇಖೆಯ ಮೇಲೆ ಅಥವಾ ಅದರ ಸಮೀಪ ಬೀಳಬೇಕು. ಗೆರೆ ಪಾದಗಳ ಹತ್ತಿರ ಬಿದ್ದರೆ ಶಾಫ್ಟ್ ತೀರ ನೆಟ್ಟಗಾಗಿದೆ. ಚೆಂಡನ್ನು ದಾಟಿ ದೂರ ಬಿದ್ದರೆ ತೀರ ಚಪ್ಪಟೆಯಾಗಿದೆ. ಕತ್ತಲೆಯಲ್ಲಿ ಹಿಡಿಯ ತುದಿಗೆ ಟಾರ್ಚ್ ಕಟ್ಟಿಕೊಂಡಿದ್ದೇವೆ, ಅದರ ಬೆಳಕು ನೆಲದ ಮೇಲೆ ಎಲ್ಲಿ ಬೀಳುತ್ತಿದೆ ಎಂದು ನೋಡುತ್ತಿದ್ದೇವೆ ಎಂದುಕೊಂಡರೆ ಈ ಪರೀಕ್ಷೆ ಮನಸ್ಸಿನಲ್ಲಿ ನಿಲ್ಲುತ್ತದೆ.

ತುದಿಯಲ್ಲಿ ನೋಡಬೇಕಾದ್ದು

ಮೊದಲು ಮೈಯ ತಿರುವು. ಪೂರ್ಣ ಸ್ವಿಂಗ್‌ನಲ್ಲಿ ಭುಜಗಳು ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧ, ಅಂದರೆ ಸುಮಾರು 45 ಡಿಗ್ರಿ ತಿರುಗುತ್ತದೆ ಎಂಬುದು ಬೋಧಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. ಎರಡರ ನಡುವೆ ವ್ಯತ್ಯಾಸ ಏಕಿರಬೇಕು? ಒದ್ದೆ ಬಟ್ಟೆಯನ್ನು ಹಿಂಡುವಾಗ ಒಂದು ತುದಿಯನ್ನು ತಿರುಗಿಸುತ್ತೇವೆ, ಇನ್ನೊಂದನ್ನು ತಡೆದು ಹಿಡಿಯುತ್ತೇವೆ. ಎರಡೂ ತುದಿಗಳನ್ನು ಒಂದೇ ಕಡೆಗೆ ಒಂದೇ ಸಮ ತಿರುಗಿಸಿದರೆ ಬಟ್ಟೆ ಸುತ್ತುತ್ತದೆಯೇ ಹೊರತು ನೀರು ಇಳಿಯುವುದಿಲ್ಲ. ಭುಜಕ್ಕೂ ಸೊಂಟಕ್ಕೂ ನಡುವಿನ ಆ ಹುರಿಯೇ ಡೌನ್‌ಸ್ವಿಂಗ್‌ಗೆ ಬಿಗಿಯನ್ನು ಕೊಡುತ್ತದೆ. ಎದುರಿನ ಚಿತ್ರದಲ್ಲಿ ಬೆನ್ನು ಗುರಿಯ ಕಡೆಗೆ ತಿರುಗಿರಬೇಕು, ಹೆಚ್ಚಿನ ಭಾರ ಬಲಪಾದದ ಒಳಬದಿಯ ಮೇಲಿರಬೇಕು. ಎಡಭುಜ ಗಲ್ಲದ ಕೆಳಗೆ ಬರುವಾಗ ನೆಲಕ್ಕೆ ಸಮವಾಗಿ ಸರಿಯದೆ ಚೆಂಡಿನ ಕಡೆಗೆ ಇಳಿದು ಬರಬೇಕು, ಏಕೆಂದರೆ ನಾವು ಮುಂದಕ್ಕೆ ಬಾಗಿ ನಿಂತಿದ್ದೇವೆ; ಬಾಗಿ ನಿಂತವನ ಭುಜಗಳು ಅಡ್ಡಡ್ಡಲಾಗಿ ತಿರುಗಿದವೆಂದರೆ ಅವನು ಮಧ್ಯದಲ್ಲಿ ಎದ್ದು ನಿಂತಿದ್ದಾನೆ.

ಎರಡನೆಯದು ಶಾಫ್ಟ್‌ನ ದಿಕ್ಕು. ತುದಿಯಲ್ಲಿ ಶಾಫ್ಟ್ ನೆಲಕ್ಕೆ ಸಮಾನಾಂತರವಾಗುವಷ್ಟು ಹೋಗಿದ್ದರೆ ಅದು ಗುರಿರೇಖೆಗೂ ಸಮಾನಾಂತರವಾಗಿರಬೇಕು. ಗುರಿಯ ಎಡಕ್ಕೆ ತೋರಿಸುತ್ತಿದ್ದರೆ ಅದಕ್ಕೆ ‘ಲೇಯ್ಡ್ ಆಫ್’ ಎಂದೂ, ಬಲಕ್ಕೆ ತೋರಿಸುತ್ತಿದ್ದರೆ ‘ಅಕ್ರಾಸ್ ದ ಲೈನ್’ ಎಂದೂ ಆಟಗಾರರು ಕರೆಯುತ್ತಾರೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ತಿಳಿಯದೆ ಸರಿಯಾದ ಸ್ವಿಂಗನ್ನು ಕೆಡಿಸಿಕೊಂಡವರಿದ್ದಾರೆ. ಬ್ಯಾಕ್‌ಸ್ವಿಂಗ್ ಚಿಕ್ಕದಾಗಿ, ಶಾಫ್ಟ್ ನೆಲಕ್ಕೆ ಸಮಾನಾಂತರವಾಗುವ ಮೊದಲೇ ನಿಂತರೆ, ಅದು ತುಸು ಎಡಕ್ಕೆ ತೋರಿಸುವುದೇ ಸರಿ. ಕ್ಲಬ್ ಓರೆಯಾದ ಸುತ್ತಿನಲ್ಲಿ ಸಾಗುತ್ತಿದೆ. ಆ ಸುತ್ತಿನ ಅರ್ಧ ದಾರಿಯಲ್ಲಿ ಎಡಕ್ಕೆ, ಸಮಾನಾಂತರಕ್ಕೆ ಬಂದಾಗ ಗುರಿಯ ಕಡೆಗೆ, ಅದನ್ನೂ ಮೀರಿದಾಗ ಬಲಕ್ಕೆ ಶಾಫ್ಟ್ ತೋರಿಸುವುದು ಸಹಜ. ಅರ್ಧ ಸ್ವಿಂಗ್‌ನ ವೆಜ್ ಹೊಡೆತದಲ್ಲಿ ಶಾಫ್ಟ್ ಗುರಿಗೆ ನೇರವಾಗಿಲ್ಲ ಎಂದು ತಿದ್ದಲು ಹೊರಟರೆ ಇಲ್ಲದ ರೋಗಕ್ಕೆ ಮದ್ದು ಮಾಡಿದಂತೆ.

ಮೂರನೆಯದು, ಮತ್ತು ಚೆಂಡಿನ ದಿಕ್ಕಿಗೆ ಎಲ್ಲಕ್ಕಿಂತ ಹತ್ತಿರದ್ದು, ಮುಖ. ಬದಿಯ ಚಿತ್ರದಲ್ಲಿ ಮುಖವೂ ಎಡ ಮುಂದೋಳೂ ಒಂದೇ ಓರೆಯಲ್ಲಿದ್ದರೆ ಮುಖ ನೇರ. ಮುಖ ಆಕಾಶವನ್ನು ನೋಡುತ್ತಿದ್ದರೆ ಮುಚ್ಚಿದೆ. ಟೋ ನೆಟ್ಟಗೆ ನೆಲದ ಕಡೆಗೆ ಜೋತುಬಿದ್ದಿದ್ದರೆ ತೆರೆದಿದೆ. ತೆರೆದ ಮುಖ ಹಾಗೆಯೇ ಚೆಂಡಿಗೆ ಬಂದರೆ ಚೆಂಡು ಬಲಕ್ಕೆ ಬಾಗಿ ಸ್ಲೈಸ್ ಆಗುತ್ತದೆ. ಮುಚ್ಚಿದ ಮುಖದಿಂದ ಎಡಕ್ಕೆ ಬಾಗುವ ಹುಕ್ ಬರುತ್ತದೆ.

ಮುಖದ ಬೀಗದ ಕೈ ಎಡ ಮಣಿಕಟ್ಟಿನಲ್ಲಿದೆ. ಹಸ್ತದ ಹಿಂಬದಿ ಮುಂದೋಳಿನ ಕಡೆಗೆ ಮಡಿಚಿ, ಕೈಗಡಿಯಾರದ ಬಳಿ ಗುಳಿ ಬಿದ್ದಂತಾದರೆ ಮುಖ ತೆರೆಯುತ್ತದೆ. ಅದಕ್ಕೆ ವಿರುದ್ಧವಾಗಿ ಅಂಗೈ ಒಳಕ್ಕೆ ಬಾಗಿ, ಮಣಿಕಟ್ಟು ಕಮಾನಿನಂತೆ ಉಬ್ಬಿದರೆ ಮುಖ ಮುಚ್ಚುತ್ತದೆ. ಹೆಚ್ಚಿನವರಿಗೆ ಹಸ್ತ ಮತ್ತು ಮುಂದೋಳು ಒಂದೇ ಹಲಗೆಯಂತೆ ಚಪ್ಪಟೆಯಾಗಿರುವುದು ಅನುಕೂಲ. ಇಲ್ಲಿ ‘ಹೆಚ್ಚಿನವರಿಗೆ’ ಎನ್ನಲು ಕಾರಣ ಗ್ರಿಪ್, ಅಂದರೆ ಕ್ಲಬ್ಬನ್ನು ಹಿಡಿಯುವ ಬಗೆ. ಎಡಗೈಯನ್ನು ಬಲಕ್ಕೆ ಹೆಚ್ಚು ತಿರುಗಿಸಿ ಹಿಡಿಯುವವರ ಮಣಿಕಟ್ಟಿನಲ್ಲಿ ಸ್ವಲ್ಪ ಗುಳಿ ಇದ್ದರೂ ಮುಖ ನೇರವಾಗಿಯೇ ಇರುತ್ತದೆ. ಅವರು ಮಣಿಕಟ್ಟನ್ನು ಚಪ್ಪಟೆ ಮಾಡಲು ಹೋದರೆ ಮುಖ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಮುಖವನ್ನು ನೋಡಿ, ಅದು ತಪ್ಪಿದ್ದರೆ ಮಾತ್ರ ಮಣಿಕಟ್ಟಿನ ಕಡೆಗೆ ಬರಬೇಕು.

ಬಲಗೈಯ ವಿಷಯ ಚಿಕ್ಕದು. ತಲೆಯ ಪಕ್ಕದಲ್ಲಿ ತಟ್ಟೆಯೊಂದನ್ನು ಅಂಗೈ ಮೇಲೆ ಹೊತ್ತವನ ಕೈಯಂತೆ ಅದು ಶಾಫ್ಟ್‌ನ ಕೆಳಗೆ ಆಸರೆಯಾಗಿರುತ್ತದೆ, ಮೊಣಕೈ ಬಹುಮಟ್ಟಿಗೆ ನೆಲದ ಕಡೆಗೆ ನೋಡುತ್ತದೆ.

ಇವನ್ನೆಲ್ಲ ಮೀರಿ ಗೆದ್ದವರು

ಇಷ್ಟು ಓದಿದವರಿಗೆ ದೊಡ್ಡ ಆಟಗಾರರ ಸ್ವಿಂಗ್ ನೋಡಿದಾಗ ಗೊಂದಲವಾಗುವುದು ಸಹಜ. ಹದಿನೆಂಟು ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿ) ಪ್ರಶಸ್ತಿಗಳ ಜಾಕ್ ನಿಕ್ಲಾಸ್ ಅವರ ಬಲ ಮೊಣಕೈ ತುದಿಯಲ್ಲಿ ಮೈಯಿಂದ ದೂರ ಹಾರಿ ನಿಲ್ಲುತ್ತಿತ್ತು. ಜಾನ್ ಡೇಲಿ ಅವರ ಕ್ಲಬ್ ಸಮಾನಾಂತರವನ್ನು ಬಹಳ ದೂರ ಮೀರಿ ನೆಲದ ಕಡೆಗೆ ಇಳಿಯುತ್ತಿತ್ತು. ಅವರು 1991ರ ಪಿಜಿಎ ಚಾಂಪಿಯನ್‌ಶಿಪ್ ಮತ್ತು 1995ರ ಓಪನ್ ಚಾಂಪಿಯನ್‌ಶಿಪ್ ಗೆದ್ದರು. ಸ್ಪೇನಿನ ಜಾನ್ ರಾಮ್ ಅವರದು ಕಣ್ಣಿಗೆ ಕಾಣುವಷ್ಟು ಗಿಡ್ಡ ಬ್ಯಾಕ್‌ಸ್ವಿಂಗ್. ಹುಟ್ಟಿನಿಂದಲೇ ಬಲಪಾದ ಸೊಟ್ಟಗಿದ್ದು, ಚಿಕಿತ್ಸೆಯ ನಂತರವೂ ಆ ಕಾಲಿನ ಕೀಲಿನ ಚಲನೆ ಕಡಿಮೆಯಾದ್ದರಿಂದ ತಮ್ಮ ಸ್ವಿಂಗ್ ಹೀಗೆ ರೂಪುಗೊಂಡಿತೆಂದು ಅವರೇ ಹೇಳಿದ್ದಾರೆ. ಡಸ್ಟಿನ್ ಜಾನ್ಸನ್ ಅವರ ಎಡ ಮಣಿಕಟ್ಟು ತುದಿಯಲ್ಲಿ ಪೂರಾ ಕಮಾನಾಗಿ, ಮುಖ ಆಕಾಶ ನೋಡುತ್ತಿರುತ್ತದೆ. ಜಿಮ್ ಫ್ಯೂರಿಕ್ ಕ್ಲಬ್ಬನ್ನು ಬಲು ನೆಟ್ಟಗೆ ಮೇಲಕ್ಕೆತ್ತಿ, ತುದಿಯಲ್ಲೊಂದು ಸುತ್ತು ಹಾಕಿ ಬೇರೆ ದಾರಿಯಲ್ಲಿ ಇಳಿಸುತ್ತಾರೆ; 2003ರ ಯು.ಎಸ್. ಓಪನ್ ಅವರದಾಯಿತು, 2016ರಲ್ಲಿ ಅಮೆರಿಕದ ವೃತ್ತಿಪರ ಪಂದ್ಯಮಾಲೆಯಾದ ಪಿಜಿಎ ಟೂರ್‌ನ ಪಂದ್ಯವೊಂದರಲ್ಲಿ 18 ಗುಳಿಗಳ ಆಟವನ್ನು 58 ಹೊಡೆತಗಳಲ್ಲೇ ಮುಗಿಸಿದರು.

ಇವರೆಲ್ಲರ ತುದಿಯ ಚಿತ್ರಗಳು ಒಂದಕ್ಕೊಂದು ಹೋಲುವುದಿಲ್ಲ. ಚೆಂಡಿಗೆ ತಗಲುವ ಕ್ಷಣದ ಚಿತ್ರಗಳು ಮಾತ್ರ ಬಹಳ ಹೋಲುತ್ತವೆ. ಒಬ್ಬೊಬ್ಬರ ವಿಚಿತ್ರಕ್ಕೂ ಅದನ್ನು ಸರಿದೂಗಿಸುವ ಇನ್ನೊಂದು ಚಲನೆ ಅದೇ ಸ್ವಿಂಗ್‌ನೊಳಗಿದೆ: ಜಾನ್ಸನ್ ಅವರ ಮುಚ್ಚಿದ ಮುಖಕ್ಕೆ ಮೈಯ ವೇಗವಾದ ತಿರುವು, ಫ್ಯೂರಿಕ್ ಅವರ ನೆಟ್ಟಗಿನ ಏರಿಕೆಗೆ ಇಳಿಯುವಾಗಿನ ಸುತ್ತು. ಅದರ ಹಿಂದೆ ಚಿಕ್ಕಂದಿನಿಂದ ಹೊಡೆದ ಲಕ್ಷಾಂತರ ಚೆಂಡುಗಳಿವೆ. ವಾರಕ್ಕೊಮ್ಮೆ ಆಡುವವರಿಗೆ ಸರಿದೂಗಿಸುವ ಚಲನೆ ಎಷ್ಟು ಕಡಿಮೆ ಬೇಕಾದರೆ ಅಷ್ಟು ಲೇಸು. ಮೇಲಿನ ಅಳತೆಗಳ ಉಪಯೋಗ ಇಷ್ಟೇ. ಅವು ದಾರಿಬದಿಯ ಕಲ್ಲುಗಳು, ದಾಟಬಾರದ ಬೇಲಿಯಲ್ಲ.

ತಪ್ಪು ಕಾಣುವುದು ಒಂದು ಕಡೆ, ಹುಟ್ಟುವುದು ಇನ್ನೊಂದು ಕಡೆ

ತುದಿಯ ಚಿತ್ರದಲ್ಲಿ ದೋಷ ಕಂಡೊಡನೆ ತುದಿಯಲ್ಲೇ ಕೈಯಾಡಿಸುವುದು ಸಾಮಾನ್ಯ. ಅದು ಫಲಿಸುವುದು ಅಪರೂಪ, ಏಕೆಂದರೆ ತುದಿ ಎಂಬುದು ಕ್ಲಬ್ ನಿಂತು ಭಂಗಿ ಕೊಡುವ ಜಾಗವೇ ಅಲ್ಲ. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಇನ್ನೂ ಏರುತ್ತಿರುವಾಗಲೇ ಸೊಂಟ ಗುರಿಯ ಕಡೆಗೆ ಹೊರಟಿರುತ್ತದೆ. ತುದಿಯ ಸ್ಥಿತಿ ಅದಕ್ಕಿಂತ ಮೊದಲು ನಡೆದದ್ದರ ಫಲ.

ಹೆಚ್ಚು ಕಾಣುವ ಸರಪಳಿ ಹೀಗಿದೆ. ಟೇಕ್‌ಅವೇಯಲ್ಲಿ ಮುಂದೋಳುಗಳು ಉರುಳಿ ಕ್ಲಬ್ ಒಳಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಒಳಕ್ಕೆ ಹೋಗಲು ಮೈ ಅಡ್ಡ ಬರುವುದರಿಂದ ತೋಳುಗಳು ಕ್ಲಬ್ಬನ್ನು ನೆಟ್ಟಗೆ ಮೇಲಕ್ಕೆ ಎತ್ತುತ್ತವೆ. ತುದಿಯಲ್ಲಿ ಶಾಫ್ಟ್ ಬಲಕ್ಕೆ ತೋರಿಸುತ್ತದೆ, ಮುಖ ತೆರೆದಿರುತ್ತದೆ. ಅಲ್ಲಿಂದ ಭುಜಗಳು ಮೊದಲು ತಿರುಗಿ ಕ್ಲಬ್ಬನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತವೆ, ಚೆಂಡು ಸ್ಲೈಸ್ ಆಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಮೈ ಒಂದು ಕಡೆ, ತೋಳು ಒಂದು ಕಡೆ. ಇಲ್ಲಿ ತಿದ್ದಬೇಕಾದ್ದು ಮೊದಲ ಎರಡು ಅಡಿಯನ್ನು; ಅದು ನೇರವಾದರೆ ಉಳಿದವು ಬಹುಪಾಲು ತಾವೇ ಹಿಂಬಾಲಿಸುತ್ತವೆ.

ಸೊಂಟ ತಿರುಗುವ ಬದಲು ಬಲಕ್ಕೆ ಜಾರುವುದು ಇನ್ನೊಂದು ದೋಷ. ಎದುರಿನ ಚಿತ್ರದಲ್ಲಿ, ಚೆಂಡಿನ ಮುಂದೆ ನಿಂತಾಗ ಬಲಸೊಂಟದ ಹೊರ ಅಂಚಿಗೆ ಒಂದು ನೆಟ್ಟನೆಯ ಗೆರೆ ಎಳೆದುಕೊಂಡರೆ ಅದು ತಕ್ಷಣ ಗೊತ್ತಾಗುತ್ತದೆ. ತುದಿಗೆ ಬರುವಷ್ಟರಲ್ಲಿ ಸೊಂಟ ಆ ಗೆರೆಯನ್ನು ಸಾಕಷ್ಟು ದಾಟಿ, ಭಾರ ಬಲಪಾದದ ಹೊರ ಅಂಚಿಗೆ ಹೋಗಿದ್ದರೆ ಅದು ಜಾರು. ಬಾಗಿಲು ಕೀಲಿನ ಮೇಲೆ ತಿರುಗುವುದಕ್ಕೂ ತಳ್ಳುಬಾಗಿಲು ಪಕ್ಕಕ್ಕೆ ಸರಿಯುವುದಕ್ಕೂ ಇರುವ ವ್ಯತ್ಯಾಸ ಇದು. ಅದಕ್ಕೆ ವಿರುದ್ಧವಾಗಿ, ತುದಿಯಲ್ಲಿ ಮೈಯ ಮೇಲ್ಭಾಗ ಗುರಿಯ ಕಡೆಗೆ ವಾಲಿ ಭಾರ ಎಡಗಾಲಿಗೆ ಬರುವುದೂ ಉಂಟು. ಇದು ಹೊಡೆತವನ್ನು ಕೆಡಿಸುವುದಷ್ಟೇ ಅಲ್ಲದೆ ಬೆನ್ನಿನ ಕೆಳಭಾಗಕ್ಕೆ ಒತ್ತಡ ತರುವುದರಿಂದ ಬೇಗ ತಿದ್ದಿಕೊಳ್ಳುವುದು ಒಳ್ಳೆಯದು. ‘ತಲೆ ಅಲುಗಿಸಬೇಡ’ ಎಂಬ ಮಾತನ್ನು ಅತಿಯಾಗಿ ಪಾಲಿಸುವವರಲ್ಲಿ ಇದು ಹೆಚ್ಚು. ಬ್ಯಾಕ್‌ಸ್ವಿಂಗ್‌ನಲ್ಲಿ ತಲೆ ಬಲಕ್ಕೆ ತುಸು ತಿರುಗುವುದು, ತುಸು ಸರಿಯುವುದು ದೋಷವಲ್ಲ.

ಕ್ಲಬ್ ಸಮಾನಾಂತರವನ್ನು ಬಹಳ ಮೀರಿ ಹೋಗುವುದಕ್ಕೆ ಹೆಚ್ಚಾಗಿ ಕಾರಣ ಅತಿಯಾದ ತಿರುವಲ್ಲ. ಭುಜಗಳು ತಿರುಗಿ ನಿಂತ ಮೇಲೂ ಎಡ ಮೊಣಕೈ ಮಡಿಚುವುದು ಅಥವಾ ಎಡಗೈಯ ಕೊನೆಯ ಮೂರು ಬೆರಳುಗಳು ಹಿಡಿಯನ್ನು ಸಡಿಲಿಸುವುದು. ಎಡಗೈ ನೇರವಾಗಿರಬೇಕು ಎಂದರೆ ಸಲಾಕೆಯಂತೆ ಬಿಗಿದಿರಬೇಕು ಎಂದಲ್ಲ, ಚಾಚಿಕೊಂಡಿದ್ದರೆ ಸಾಕು.

ಮೈಯೇ ತಿರುಗದಿದ್ದರೆ

ಎಷ್ಟು ಅಭ್ಯಾಸ ಮಾಡಿದರೂ 90 ಡಿಗ್ರಿ ಬಾರದವರು ತಮ್ಮ ಕೀಲುಗಳನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಮೊಣಕಾಲುಗಳನ್ನು ಜೋಡಿಸಿ, ಕ್ಲಬ್ಬನ್ನು ಭುಜಗಳ ಮೇಲೆ ಅಡ್ಡಲಾಗಿ ಹಿಡಿದು ಬಲಕ್ಕೂ ಎಡಕ್ಕೂ ತಿರುಗಿ ನೋಡಿ. ಕುಳಿತಾಗ ಸೊಂಟ ಕುರ್ಚಿಗೆ ಕಟ್ಟುಬಿದ್ದಿರುವುದರಿಂದ ತಿರುಗುವುದು ಬೆನ್ನು ಮಾತ್ರ. ಎರಡೂ ಕಡೆಗೆ ಸುಮಾರು 45 ಡಿಗ್ರಿ ಬಂದರೆ ಸಾಕು. ನಿಂತಾಗ ಇದಕ್ಕೆ ಸೊಂಟದ 45 ಸೇರಿ 90 ಆಗುತ್ತದೆ. ಬೆನ್ನಿನಿಂದ 30 ಡಿಗ್ರಿ ಮಾತ್ರ ಬರುತ್ತಿದ್ದರೆ ಉಳಿದದ್ದನ್ನು ಸೊಂಟದಿಂದ ಪಡೆಯಬೇಕಾಗುತ್ತದೆ. ಅದಕ್ಕೆ ಬಲಪಾದದ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಬಹುದು, ಬಲ ಮೊಣಕಾಲು ತುಸು ನೇರವಾಗಲು ಬಿಡಬಹುದು, ಎಡ ಹಿಮ್ಮಡಿ ನೆಲ ಬಿಟ್ಟು ಏಳಲು ಬಿಡಬಹುದು. ಹಿಮ್ಮಡಿ ಎತ್ತುವುದನ್ನು ಹಳೆಯ ತಪ್ಪೆಂದು ಕೆಲವರು ತಿಳಿದಿದ್ದಾರೆ. ನಿಕ್ಲಾಸ್ ತಮ್ಮ ಇಡೀ ಆಟದ ಬದುಕಿನಲ್ಲಿ ಹಿಮ್ಮಡಿ ಎತ್ತಿಯೇ ಆಡಿದರು. ಇದಾವುದೂ ಒಗ್ಗದಿದ್ದರೆ ಗಿಡ್ಡ ಬ್ಯಾಕ್‌ಸ್ವಿಂಗ್‌ಗೆ ಒಪ್ಪಿಕೊಳ್ಳುವುದೇ ಜಾಣತನ. ತಿರುವು ಮುಗಿದ ಮೇಲೆ ತೋಳುಗಳಿಂದ ಕ್ಲಬ್ಬನ್ನು ಇನ್ನಷ್ಟು ಎತ್ತಿದರೆ ಉದ್ದ ಸಿಗುತ್ತದೆ, ಬಲ ಸಿಗುವುದಿಲ್ಲ. ನೋವಿದ್ದವರು ತಿರುವನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕಾಣಬೇಕು.

ತಿದ್ದುವ ಅಭ್ಯಾಸ

ತಿದ್ದುವಾಗ ಎದುರಾಗುವ ಮೊದಲ ಆಶ್ಚರ್ಯವೆಂದರೆ ಮೈಗೆ ಅನಿಸುವುದಕ್ಕೂ ವಿಡಿಯೊದಲ್ಲಿ ಕಾಣುವುದಕ್ಕೂ ಇರುವ ಅಂತರ. ಒಳಕ್ಕೆ ಎಳೆಯುವ ರೂಢಿಯವರು ಕ್ಲಬ್ಬನ್ನು ಎರಡಂಗುಲ ಸರಿಯಾದ ದಾರಿಗೆ ತಂದರೆ ಅವರಿಗೆ ಅದು ಎರಡಡಿ ಹೊರಗೆ ಹೋದಂತೆ ಅನಿಸುತ್ತದೆ. ಹೀಗಾಗಿ ಅತಿ ಎನಿಸುವಷ್ಟು ಮಾಡಿದರೆ ಮಾತ್ರ ಹದಕ್ಕೆ ಬರುತ್ತದೆ. ಹದವಾಗಿದೆ ಎನಿಸಿದ್ದು ವಿಡಿಯೊದಲ್ಲಿ ಹಳೆಯ ಸ್ವಿಂಗ್ ಆಗಿಯೇ ಕಾಣುತ್ತದೆ. ಈ ಕಾರಣಕ್ಕಾಗಿಯೇ ಹತ್ತು ಹೊಡೆತಗಳಿಗೊಮ್ಮೆ ಚಿತ್ರ ತೆಗೆದು ನೋಡುವುದು ಒಳ್ಳೆಯದು. ಪ್ರತಿ ಹೊಡೆತಕ್ಕೂ ನೋಡುವುದು ಹೆಚ್ಚಾಯಿತು, ಆಗ ಮೈಯ ಅನುಭವ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಕ್ರಮವೂ ಇದೆ: ಮೊದಲು ಗ್ರಿಪ್ ಮತ್ತು ನಿಲುವು, ನಂತರ ಟೇಕ್‌ಅವೇ, ಆಮೇಲೆ ಮೈಯ ತಿರುವು, ಕೊನೆಗೆ ಮಣಿಕಟ್ಟು. ಒಂದು ಸಲಕ್ಕೆ ಒಂದೇ. ಟೇಕ್‌ಅವೇಗೆ, ಚೆಂಡಿನ ಹಿಂದೆ ಎರಡಡಿ ದೂರದಲ್ಲಿ, ಗುರಿರೇಖೆಯಿಂದ ಕೆಲವು ಅಂಗುಲ ಒಳಗೆ ಒಂದು ಹೆಡ್‌ಕವರ್ (ಕ್ಲಬ್‌ನ ತಲೆಗೆ ಹಾಕುವ ಹೊದಿಕೆ) ಇಟ್ಟು ಅದಕ್ಕೆ ತಾಗದಂತೆ ಕ್ಲಬ್ಬನ್ನು ಹಿಂದೆ ಒಯ್ಯಬಹುದು. ಸೊಂಟದ ಜಾರಿಗೆ, ಬಲಸೊಂಟ ಗೋಡೆಯಿಂದ ಎರಡು ಬೆರಳಗಲ ದೂರವಿರುವಂತೆ ನಿಂತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ತಿರುಗಬಹುದು; ಸೊಂಟದ ಪಕ್ಕ ಗೋಡೆಗೆ ಒತ್ತಿದರೆ ಜಾರು, ಪೃಷ್ಠ ಹಿಂದಕ್ಕೆ ಸರಿದು ಗೋಡೆ ತಾಗದಿದ್ದರೆ ತಿರುವು. ಮಣಿಕಟ್ಟಿಗೆ, ಕೈಗಡಿಯಾರದ ಪಟ್ಟಿಯೊಳಗೆ ಒಂದು ಚಿಕ್ಕ ಅಳತೆಪಟ್ಟಿಯನ್ನು ಹಸ್ತದ ಹಿಂಬದಿಗೆ ಬರುವಂತೆ ತೂರಿಸಿ ನಿಧಾನವಾಗಿ ಬ್ಯಾಕ್‌ಸ್ವಿಂಗ್ ಮಾಡಿದರೆ, ಮಣಿಕಟ್ಟು ಗುಳಿ ಬಿದ್ದ ಕೂಡಲೇ ಪಟ್ಟಿ ಹಸ್ತವನ್ನು ಒತ್ತಿ ಹೇಳಿಬಿಡುತ್ತದೆ.

ಇವನ್ನೆಲ್ಲ ಮೊದಲು ಚೆಂಡಿಲ್ಲದೆ, ಕನ್ನಡಿಯ ಮುಂದೆ ಮಾಡಬೇಕು. ಚೆಂಡು ಎದುರಿಗಿದ್ದರೆ ಮನಸ್ಸು ಅದನ್ನು ಹೊಡೆಯುವುದರ ಮೇಲೆ ನೆಡುತ್ತದೆ, ಮೈ ಹಳೆಯ ದಾರಿಗೆ ಮರಳುತ್ತದೆ. ಚೆಂಡು ಹೊಡೆಯಲು ಆರಂಭಿಸಿದಾಗ 9-ಐರನ್‌ನಂಥ ಗಿಡ್ಡ ಕ್ಲಬ್ಬಿನಿಂದ, ಅರ್ಧ ವೇಗದಲ್ಲಿ, ತುದಿಯಲ್ಲಿ ಒಂದು ಕ್ಷಣ ತಡೆದು ಹೊಡೆಯಬೇಕು. ತಡೆದಾಗ ಮುಖ ಎತ್ತ ನೋಡುತ್ತಿದೆ, ಭಾರ ಎಲ್ಲಿದೆ ಎಂದು ತಿಳಿಯಲು ಅವಕಾಶ ಸಿಗುತ್ತದೆ. ಈ ತಡೆ ಅಭ್ಯಾಸಕ್ಕೆ ಮಾತ್ರ. ಪೂರ್ಣ ವೇಗಕ್ಕೆ ಬಂದಾಗ ಏರಿಕೆಗೆ ಮೂರು ಎಣಿಕೆ, ಇಳಿಕೆಗೆ ಒಂದು ಎಣಿಕೆ ಎಂಬ ಲಯಕ್ಕೆ ಮರಳಬೇಕು. ಒಳ್ಳೆಯ ಆಟಗಾರರಲ್ಲಿ ಬ್ಯಾಕ್‌ಸ್ವಿಂಗ್ ಮತ್ತು ಡೌನ್‌ಸ್ವಿಂಗ್ ಸಮಯಗಳ ಅನುಪಾತ ಸುಮಾರು 3:1 ಇರುತ್ತದೆ, ಸ್ವಿಂಗ್ ನಿಧಾನವಿರಲಿ ಚುರುಕಾಗಿರಲಿ.

ಆರಂಭದಲ್ಲಿ ಹೊಡೆತಗಳು ಮೊದಲಿಗಿಂತ ಕೆಡಬಹುದು. ಹಳೆಯ ಬ್ಯಾಕ್‌ಸ್ವಿಂಗ್‌ಗೆ ಹೊಂದಿಕೊಂಡಿದ್ದ ಹಳೆಯ ಸರಿದೂಗಿಸುವಿಕೆ ಕೆಳಗಿಳಿಯುವಾಗ ಇನ್ನೂ ಕೆಲಸ ಮಾಡುತ್ತಿರುತ್ತದೆ: ತೆರೆದ ಮುಖವನ್ನು ಕೈಗಳಿಂದ ತಿರುಗಿಸಿ ಮುಚ್ಚುವ ರೂಢಿಯಿದ್ದವರು, ಮುಖ ನೇರವಾದ ಮೇಲೂ ಕೈ ತಿರುಗಿಸುತ್ತಾರೆ, ಚೆಂಡು ಎಡಕ್ಕೆ ಹೋಗುತ್ತದೆ. ಸ್ಲೈಸ್ ಹೊಡೆಯುತ್ತಿದ್ದವರ ಚೆಂಡು ಹೀಗೆ ಇದ್ದಕ್ಕಿದ್ದಂತೆ ಎಡಕ್ಕೆ ಹೋಗತೊಡಗಿತೆಂದರೆ, ವಿಡಿಯೊದಲ್ಲಿ ತುದಿ ಸರಿಯಾಗಿಯೇ ಕಾಣುತ್ತಿದ್ದಲ್ಲಿ, ಬ್ಯಾಕ್‌ಸ್ವಿಂಗನ್ನು ಮತ್ತೆ ಬದಲಿಸಬಾರದು. ಅರ್ಧ ವೇಗದ ಹೊಡೆತಗಳಿಗೆ ಮರಳಿ, ಇಳಿಯುವಾಗ ಕೈಗಳನ್ನು ಸುಮ್ಮನಿರಿಸಿ ಎದೆಯನ್ನು ಗುರಿಯ ಕಡೆಗೆ ತಿರುಗಿಸುವ ಅಭ್ಯಾಸವನ್ನು ಆರಂಭಿಸಬೇಕು.